ಉಂಡೂ ಹೋದರು, ಕೊಂಡೂ ಹೋದರು

ಪೀಣ್ಯದ ನಮ್ಮ ಕಾರ್ಖಾನೆಗೆ 11 ವರ್ಷದಲ್ಲಿ ಈಗ ಬಂದಿರುವವರು ನಾಲ್ಕನೆಯ ಪ್ಲಾಂಟ್ ಹೆಡ್. ಮೊದಲನೆಯವರು ಗೋಡೆ ಮೇಲೆ ಗುಣಮಟ್ಟದ ಮಂತ್ರವೆಂದು 'ಫೈವ್ ಎಸ್' ಬರೆಸಿದರು. ಎರಡನೆಯವರು ಅದರ ಮೇಲೆ ಬಣ್ಣ ಬಳಿಸಿ 'ಕೈಜೆನ್' ಬರೆಸಿದರು. ಮೂರನೆಯವರು ಅದನ್ನೂ ಮುಚ್ಚಿಸಿ 'ಸಿಕ್ಸ್ ಸಿಗ್ಮಾ' ತಂದರು: ಹತ್ತು ಲಕ್ಷ ಅವಕಾಶಕ್ಕೆ 3.4 ತಪ್ಪು ಮಾತ್ರ ಮಾಫಿ. ಓರೆ ಬಿಸಿಲು ಬಿದ್ದಾಗ ಮೂರೂ ಒಟ್ಟಿಗೆ ಕಾಣುತ್ತವೆ. ಗುಣಮಟ್ಟವನ್ನು ನಂಬಿ ತಪ್ಪದೆ ಹೊಟ್ಟೆ ಹೊರೆದವನು ಪೇಂಟರ್ ಒಬ್ಬನೇ.

ಮೂರನೆಯವರ ಉಳಿತಾಯ ನೋಡಬೇಕಿತ್ತು. ಸಂಜೆ ಚಹಾದ ಜೊತೆಗಿನ ಬಿಸ್ಕತ್ತು ನಿಂತಿತು. ಕೈ ಒರೆಸುವ ವೇಸ್ಟ್ ಬಟ್ಟೆಯನ್ನು ತೂಗಿ ಕೊಡತೊಡಗಿದರು. ಕಂಪ್ರೆಸರ್ ಸರ್ವೀಸನ್ನು "ಓಡ್ತಾ ಇದೆಯಲ್ರೀ" ಎಂದು ಮುಂದೂಡಿದರು. ಮುಂದೂಡಿದ್ದೆಲ್ಲ ಸ್ಲೈಡಿನಲ್ಲಿ ಉಳಿತಾಯವಾಯಿತು, ಸ್ಲೈಡು ಬಯೋಡೇಟಾ ಆಯಿತು, ಬಯೋಡೇಟಾ ಚೆನ್ನೈನಲ್ಲಿ ವೈಸ್ ಪ್ರೆಸಿಡೆಂಟ್ ಕುರ್ಚಿಯಾಯಿತು. ಬೀಳ್ಕೊಡುಗೆಯ ಕೇಕು ಕತ್ತರಿಸಿದ ಮೂರನೇ ವಾರ ಕಂಪ್ರೆಸರ್ ಕೂತಿತು.

"ಅದಕ್ಕೂ ಒಂದು ಬಯೋಡೇಟಾ ಮಾಡಿಸಿದ್ರೆ ಎಲ್ಲಾದ್ರೂ ಹೋಗಿ ಬದುಕ್ಕೊಳ್ತಿತ್ತು ಸಾರ್" ಎಂದ ನಮ್ಮ ಫಿಟ್ಟರ್.

ದೊಡ್ಡವರ ಮನೆಯ ದೋಸೆಯೂ ತೂತೇ. 2000ದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್‌ನ ಮುಖ್ಯಸ್ಥ ಜ್ಯಾಕ್ ವೆಲ್ಚ್ ಅವರ ಉತ್ತರಾಧಿಕಾರ ಕೈತಪ್ಪಿದ ಇಬ್ಬರು ಸಿಕ್ಸ್ ಸಿಗ್ಮಾವನ್ನು ಬಗಲಲ್ಲಿ ಇಟ್ಟುಕೊಂಡೇ ಹೊರಟರು. ಜೇಮ್ಸ್ ಮೆಕ್‌ನರ್ನಿ 3ಎಂ ಸೇರಿದರು. ಗಟ್ಟಿಯಾಗಿ ಅಂಟದ ಗೋಂದಿನಿಂದಲೇ ಪೋಸ್ಟ್-ಇಟ್ ಚೀಟಿ ಮಾಡಿ ಲೋಕಕ್ಕೆಲ್ಲ ಮಾರಿದ ಕಂಪನಿ ಅದು. ಅದಕ್ಕೇ ತಪ್ಪು ಮಾಡದ ವ್ರತ ಹಿಡಿಸಿದರು. 2005ರಲ್ಲಿ ಅವರು ಬೋಯಿಂಗ್‌ಗೆ ಹಾರಿದರು. 3ಎಂನಲ್ಲಿ ಅವರ ನಂತರ ಬಂದವರು ಸಂಶೋಧಕರ ವ್ರತ ಸಡಿಲಿಸಿದರು. ಇನ್ನೊಬ್ಬರು, ಬಾಬ್ ನಾರ್ಡೆಲ್ಲಿ, ಹೋಮ್ ಡಿಪೋದಲ್ಲಿ ವೆಚ್ಚ ಕಡಿದೂ ಕಡಿದೂ 2007ರಲ್ಲಿ ಹೊರಬಿದ್ದಾಗ ಕೈಗೆ ಬಂದ ಮೊತ್ತ ಸುಮಾರು 21 ಕೋಟಿ ಡಾಲರ್. ಆ ಒಂದು ವೆಚ್ಚಕ್ಕೆ ಮಾತ್ರ ಯಾರೂ ಕತ್ತರಿ ಹಿಡಿಯಲಿಲ್ಲ.

1950ರಲ್ಲಿ ಜಪಾನಿಗೆ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್, ಕಂಪನಿಗಳಿಗೆ ತಗಲುವ ಏಳು ಮಾರಕ ರೋಗಗಳನ್ನು ಹೆಸರಿಸಿದ್ದರು. ಮೇಲಧಿಕಾರಿಗಳು ಕಂಪನಿಯಿಂದ ಕಂಪನಿಗೆ ಹಾರುವುದು ಅದರಲ್ಲೊಂದು. ನಮ್ಮಲ್ಲಿ ಆ ರೋಗದ ಹೆಸರು 'ಕೆರಿಯರ್ ಗ್ರೋತ್'. ಪಥ್ಯ ಮಾತ್ರ ರೋಗಿಗಲ್ಲ, ಬಿಸ್ಕತ್ತು ತಿನ್ನುವವರಿಗೆ.

ನಾಲ್ಕನೆಯವರೂ ನಿನ್ನೆ ಗೋಡೆ ನೋಡಿ ಹೋದರು. ಇವತ್ತು ಪೇಂಟರ್ ಏಣಿ ಒರಗಿಸಿ, ದನಿ ತಗ್ಗಿಸಿ ಕೇಳಿದ: "ಆಯಿಲ್ ಪೇಂಟ್ ಯಾಕೆ ಸಾರ್? ಎರಡು ವರ್ಷಕ್ಕೆ ಡಿಸ್ಟೆಂಪರ್ ಸಾಕಲ್ವಾ? ಕಾಸು ಉಳಿಯುತ್ತೆ."