ಪಾಯದಾನ ಪುರಾಣ

ಬೀದರ ಜಿಲ್ಲೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು ಗೃಹಸ್ಥರು ಯಾವುದಾದರೊಂದು ಲಗ್ನದ ಮಂಟಪದಲ್ಲಿ ಪಕ್ಕಪಕ್ಕದ ಕುರ್ಚಿಗಳನ್ನು ಆಕ್ರಮಿಸಿದರೆಂದರೆ, ಮೊದಲು ಮೊಣಕಾಲಿನ ವಿಚಾರವೂ ತರುವಾಯ ತೊಗರಿಯ ದರದ ವಿಚಾರವೂ ಪ್ರಸ್ತಾಪಕ್ಕೆ ಬಂದು, ಇವೆರಡೂ ಸಮಾಧಾನಕರವಾಗಿಲ್ಲವೆಂಬ ತೀರ್ಮಾನವಾದ ಬಳಿಕ, ಮೂರನೆಯದಾಗಿ ಹಾಡುಗಳ ವಿಚಾರವು ತಾನಾಗಿಯೇ ಬರುತ್ತದೆ. ಈಗಿನ ಹಾಡುಗಳಲ್ಲಿ ಹುರುಳಿಲ್ಲವೆಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ಭಿನ್ನಾಭಿಪ್ರಾಯವಿರುವುದು, ಆಗಿನ ಹಾಡುಗಳಲ್ಲಿ ಯಾವುದು ಯಾವ ವರ್ಷ ಎಷ್ಟನೆಯ ಪಾಯದಾನದಲ್ಲಿದ್ದಿತೆಂಬ ವಿಷಯದಲ್ಲಿ ಮಾತ್ರ. ಮನುಷ್ಯನ ಸಂಗೀತರಸಿಕತೆಯು ಹದಿಮೂರನೆಯ ವಯಸ್ಸಿನಲ್ಲಿ ಕದ ತೆರೆದು ಹತ್ತೊಂಬತ್ತನೆಯದರಲ್ಲಿ ಅಗಳಿ ಹಾಕಿಕೊಳ್ಳುತ್ತದೆಂಬುದು ನನ್ನ ದೃಢವಾದ ನಂಬಿಕೆ. ಆ ನಡುವೆ ಒಳಗೆ ನುಗ್ಗಿದ ಹಾಡುಗಳು, ಒಳ್ಳೆಯವಿರಲಿ ಕೆಟ್ಟವಿರಲಿ, ಜೀವಾವಧಿ ಬಾಡಿಗೆ ಕೊಡದೆ ವಾಸಮಾಡುತ್ತವೆ. ಹೊರಗೆ ನಿಂತವು ಎಷ್ಟೇ ಗುಣಶಾಲಿಗಳಾಗಿದ್ದರೂ ಬಾಗಿಲು ಬಡಿದು ಬಡಿದು ಹಿಂದಿರುಗುತ್ತವೆ.

ಪಾಯದಾನವೆಂದರೇನೆಂದು ಕೇಳುವ ಎಳೆಯರಿಗಾಗಿ ಸ್ವಲ್ಪ ಇತಿಹಾಸವನ್ನು ಹೇಳಬೇಕಾಗಿದೆ. 1952ರಲ್ಲಿ ಕೇಂದ್ರದ ಪ್ರಸಾರಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು, ಶಾಸ್ತ್ರೀಯ ಸಂಗೀತದಲ್ಲಿ ಪರಮಾಸಕ್ತರೂ ಜನರ ಅಭಿರುಚಿಯ ವಿಷಯದಲ್ಲಿ ಪರಮ ಸಂಶಯಾತ್ಮರೂ ಆದವರು, ಚಿತ್ರಗೀತೆಗಳಿಂದ ರಾಷ್ಟ್ರದ ಕಿವಿಯು ಕೆಡುತ್ತದೆಂದು ಭಾವಿಸಿದುದರಿಂದ, ಆಕಾಶವಾಣಿಯಲ್ಲಿ ಆ ಹಾಡುಗಳು ಕ್ರಮೇಣ ಕೇಳಿಸದಂತಾದವು. ಆದರೆ ರಾಷ್ಟ್ರದ ಕಿವಿಯು ಸಮುದ್ರವನ್ನು ದಾಟಿಕೊಂಡು ಹೋಗಬಲ್ಲುದೆಂಬುದನ್ನು ಮಂತ್ರಿಗಳು ಊಹಿಸಿರಲಿಲ್ಲ. ಮಹಾಯುದ್ಧದ ಕಾಲದಲ್ಲಿ ಸೈನಿಕರ ವಿನೋದಕ್ಕೆಂದು ಕೊಲಂಬೊ ನಗರದ ಬಳಿ ಸ್ಥಾಪಿತವಾಗಿದ್ದ ಪ್ರಬಲ ಪ್ರಸಾರಯಂತ್ರವು ಯುದ್ಧಾನಂತರ ರೇಡಿಯೋ ಸಿಲೋನಿನ ಪಾಲಿಗೆ ಬಂದಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ದಂತಮಂಜನದ ಕಂಪೆನಿಯ ಹಣದಿಂದ ಅಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಇಪ್ಪತ್ತು ವರ್ಷವೂ ತುಂಬದ ಅಮೀನ್ ಸಯಾನಿ ಎಂಬ ತರುಣನು ವಾರಕ್ಕೆ 25 ರೂಪಾಯಿಗಳ ಸಂಭಾವನೆಗೆ ಅದನ್ನು ಮುಂಬಯಿಯಲ್ಲಿ ಮುದ್ರಿಸುವುದು, ಆ ಮುದ್ರಿಕೆಯು ವಿಮಾನದಲ್ಲಿ ಕೊಲಂಬೊಗೆ ಹೋಗುವುದು, ಅಲ್ಲಿಂದ ಅಲೆಯೇರಿ ಮರಳಿ ಭಾರತಕ್ಕೆ ಬರುವುದು: ಹೀಗೆ ಮುಂಬಯಿಯ ಹಾಡು ಭಾಲ್ಕಿಯನ್ನು ತಲುಪಲು ಲಂಕೆಯ ಪ್ರದಕ್ಷಿಣೆ ಮಾಡಬೇಕಾಗಿದ್ದಿತು. ರಾಮಾಯಣವನ್ನು ಬಲ್ಲ ನಮ್ಮ ಮುತ್ಯಾನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸಲಿಲ್ಲ. ಲಂಕೆಯಿಂದ ಒಳ್ಳೆಯ ಸುದ್ದಿ ಬರಬೇಕಾದರೆ ಆಕಾಶಮಾರ್ಗದಿಂದಲೇ ಬರಬೇಕೆಂದು ಅವನು ಹೇಳುತ್ತಿದ್ದನು.

ಹಾಡುಗಳ ರೆಕಾರ್ಡು ಅಂಗಡಿಗಳಲ್ಲಿ ಎಷ್ಟು ಮಾರಾಟವಾಯಿತೆಂಬುದನ್ನೂ ಶ್ರೋತೃಸಂಘಗಳ ಪತ್ರಗಳನ್ನೂ ಲೆಕ್ಕಹಾಕಿ, ಪ್ರತಿ ಬುಧವಾರ ರಾತ್ರಿ 8 ಗಂಟೆಗೆ ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿನವರೆಗೆ ಒಂದೊಂದೇ ಹಾಡನ್ನು ಏರಿಸಿ ಕೊನೆಗೆ ಕಹಳೆಯೂದಿಸಿ ಮೊದಲನೆಯದನ್ನು ಸಾರುತ್ತಿದ್ದರು. ಆ ಮೆಟ್ಟಿಲುಗಳೇ ಪಾಯದಾನಗಳು. ನಿಯತವಾದಷ್ಟು ವಾರ ಪಟ್ಟಿಯಲ್ಲಿ ಮೆರೆದ ಹಾಡಿಗೆ ‘ಸರ್ತಾಜ್ ಗೀತ್’ ಎಂಬ ಬಿರುದನ್ನಿತ್ತು, ಇನ್ನು ವಿಶ್ರಾಂತಿ ಪಡೆಯೆಂದು ಗೌರವಪೂರ್ವಕವಾಗಿ ಹೊರಗೆ ಕಳುಹಿಸುವ ಸಂಪ್ರದಾಯವೂ ಇದ್ದಿತು. ಈ ಸಂಪ್ರದಾಯವು ಹಾಡುಗಳಾಚೆಗೆ, ವಿಧಾನಸೌಧದವರೆಗೆ, ವ್ಯಾಪಿಸಲಿಲ್ಲವೆಂಬುದು ವಿಷಾದದ ಸಂಗತಿ.

ನಮ್ಮ ಸೀಮೆಗೆ ಈ ಬುಧವಾರವು ಮಿಕ್ಕ ದೇಶಕ್ಕಿಂತ ಹೆಚ್ಚಿನದಾಗಿದ್ದಿತೆಂದು ನಾನು ಹೇಳಿದರೆ ಅತಿಶಯೋಕ್ತಿಯೆನ್ನಬಾರದು. 1956ರ ನವೆಂಬರ್ 1ರಂದು ನಿಜಾಮನ ಕಾಲದ ಬೀದರ ಜಿಲ್ಲೆಯನ್ನು ಭಾಷೆಗನುಸಾರವಾಗಿ ಒಡೆದು, ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳನ್ನು ಮೈಸೂರಿಗೂ, ಉದಗೀರ, ನೀಲಂಗಾ, ಅಹಮದಪುರಗಳನ್ನು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳನ್ನು ಆಂಧ್ರಕ್ಕೂ ಹಂಚಿಕೊಟ್ಟರು. ಅತ್ತೆಯ ಮನೆ ಒಂದು ರಾಜ್ಯದಲ್ಲಿ, ತವರುಮನೆ ಇನ್ನೊಂದರಲ್ಲಿ, ಹೊಲ ಮೂರನೆಯದರಲ್ಲಿ ಎಂಬ ಸ್ಥಿತಿ ಅನೇಕ ಮನೆತನಗಳಿಗೆ ಒದಗಿತು. ಆದರೆ ಬುಧವಾರ ರಾತ್ರಿ ಒಂದು ಗಂಟೆಯ ಕಾಲ ಒಡೆದ ಜಿಲ್ಲೆಯೆಲ್ಲವೂ ಮತ್ತೆ ಒಂದಾಗಿ ಸಿಲೋನಿನ ಸಾರ್ವಭೌಮತ್ವಕ್ಕೆ ಒಳಪಡುತ್ತಿದ್ದಿತು. ಉದಗೀರದ ಸೋದರಮಾವನೂ ಔರಾದದ ಅಳಿಯನೂ ಒಂದೇ ಕ್ಷಣದಲ್ಲಿ ಒಂದೇ ಹಾಡಿಗೆ ಮೂಗುಮುರಿಯುತ್ತಿದ್ದರು.

ಭಾಲ್ಕಿಯಲ್ಲಿ ನಮ್ಮ ಶ್ರವಣಮಂದಿರವೆಂದರೆ ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿದ್ದ ಒಂದು ಚಾದ ಹೋಟೆಲು. ಗಲ್ಲಾಪೆಟ್ಟಿಗೆಯ ಮೇಲೆ, ದೇವರ ಫೋಟೋಗಳಿಗಿಂತ ಒಂದು ಗೇಣು ಮಾತ್ರ ಕೆಳಗೆ, ಕಸೂತಿಯ ವಸ್ತ್ರ ಹೊದ್ದುಕೊಂಡು ವಾಲ್ವಿನ ರೇಡಿಯೋ ವಿರಾಜಮಾನವಾಗಿದ್ದಿತು. ವರ್ಷಕ್ಕೊಮ್ಮೆ ಟಪಾಲುಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿದ ಪುಸ್ತಕವೂ ಅದರ ಪಕ್ಕದಲ್ಲಿಯೇ ಇದ್ದಿತು. ಏಳೂವರೆಗೆ ಗುಂಡಿ ತಿರುಗಿಸಿದರೆ ಅದು ಬಿಸಿಯಾಗಿ ಗಂಟಲು ಸರಿಪಡಿಸಿಕೊಳ್ಳುವ ಹೊತ್ತಿಗೆ ಹೋಟೆಲಿನ ಒಳಗಿದ್ದಷ್ಟೇ ಜನ ಹೊರಗೂ ನೆರೆಯುತ್ತಿದ್ದರು. ಚಾ ತೆಗೆದುಕೊಳ್ಳದವನು ಹೊಸ್ತಿಲಿನ ಒಳಗೆ ಕಾಲಿಡಬಾರದೆಂಬುದು ಮಾಲೀಕನ ಕಟ್ಟಾಜ್ಞೆಯಾದುದರಿಂದ, ನಾನೂ, ಹೈಸ್ಕೂಲಿಗೆಂದು ಭಾಲ್ಕಿಯಲ್ಲಿ ಖೋಲಿ ಹಿಡಿದಿದ್ದ ಔರಾದದ ಗೆಳೆಯನೂ ಕೂಡಿ ಒಂದು ಚಾ ತರಿಸಿ, ಕಪ್ಪು ಒಬ್ಬನಿಗೆ ಬಸಿ ಒಬ್ಬನಿಗೆ ಎಂದು ಹಂಚಿಕೊಂಡು, ಕಹಳೆಯ ಧ್ವನಿ ಕೇಳಿಸುವವರೆಗೂ ಕೊನೆಯ ಗುಟುಕನ್ನು ಉಳಿಸಿಕೊಳ್ಳುವ ಕಲೆಯನ್ನು ಸಾಧಿಸಿದ್ದೆವು. ಕಿರುಅಲೆಯ ಧ್ವನಿಯಾದರೋ ತೊಟ್ಟಿಲಿನಲ್ಲಿಟ್ಟು ತೂಗಿದಂತೆ ಒಮ್ಮೆ ಬಳಿಗೆ ಬಂದು ಒಮ್ಮೆ ದೂರ ಹೋಗುತ್ತಿದ್ದಿತು. ದೂರ ಹೋಗುವುದು ಯಾವಾಗಲೂ ಸಯಾನಿಯವರು ಪಾಯದಾನದ ಸಂಖ್ಯೆಯನ್ನು ಹೇಳುವ ಕ್ಷಣದಲ್ಲಿಯೇ. ಆಗ ಒಳಗಿದ್ದವರೆಲ್ಲರೂ ಏಕಕಾಲದಲ್ಲಿ ‘ಶ್‌’ ಎಂದು ಒಬ್ಬರನ್ನೊಬ್ಬರು ಸುಮ್ಮನಿರಿಸುವುದರಿಂದ ಉಳಿದ ಸ್ವಲ್ಪವೂ ಕೇಳಿಸದೆ ಹೋಗುತ್ತಿದ್ದಿತು.

ರಜೆಯಲ್ಲಿ ಔರಾದಕ್ಕೆ ಹೋದರೆ ಅಲ್ಲಿನ ವ್ಯವಸ್ಥೆಯೇ ಬೇರೆ. ಗೆಳೆಯನ ಮಾಮಾನಲ್ಲಿ ಚರ್ಮದ ಅಂಗಿ ತೊಟ್ಟ ಒಂದು ಟ್ರಾನ್ಸಿಸ್ಟರ್ ಇದ್ದಿತು. ಸೆಲ್ಲುಗಳ ಶಕ್ತಿ ಕುಂದಿದಾಗ ಮಂಗಳವಾರ, ಬುಧವಾರ ಎರಡೂ ದಿನ ಅವನ್ನು ಮಾಳಿಗೆಯ ಮೇಲೆ ಶಾಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಹರವಿ, ಕಾಗೆ ಒಯ್ಯದಂತೆ ನಮ್ಮಿಬ್ಬರನ್ನು ಕಾವಲಿಗೆ ಕೂರಿಸುತ್ತಿದ್ದರು. ಕಾಗೆಗೆ ಸೆಲ್ಲಿನಿಂದ ಏನು ಪ್ರಯೋಜನವೆಂದು ಕೇಳುವಷ್ಟು ಧೈರ್ಯ ನಮಗಿರಲಿಲ್ಲ.

ಇಷ್ಟು ಭಕ್ತಿಯಿಂದ ಕೇಳಿದ ನಾವು ಆ ಕಂಪೆನಿಗೆ ಮಾಡಿದ ಉಪಕಾರವೇನು? ಶೂನ್ಯ. ನಮ್ಮ ಓಣಿಯಲ್ಲಿ ಹಲ್ಲುಜ್ಜುವುದು ಬೇವಿನ ಕಡ್ಡಿಯಿಂದ. ಕಡ್ಡಿ ಇಲ್ಲದಿದ್ದರೆ ಒಲೆಯ ಇದ್ದಿಲಿನಿಂದ. ಬಿನಾಕಾದ ಡಬ್ಬಿಯೊಳಗೆ ಪುಟ್ಟ ಪ್ಲಾಸ್ಟಿಕ್ ಪ್ರಾಣಿಯೊಂದು ಬಿಟ್ಟಿ ದೊರೆಯುತ್ತದೆಂಬ ವಾರ್ತೆ ಹಬ್ಬಿದಾಗ, ನನ್ನ ತಮ್ಮನ ಹಠಕ್ಕೆ ಮಣಿದು ಒಂದೇ ಒಂದು ಕೊಳವೆಯನ್ನು ತಂದಿದ್ದೆವು. ತಮ್ಮನು ಪ್ರಾಣಿಯನ್ನು ತೆಗೆದುಕೊಂಡನು, ಕೊಳವೆಯಲ್ಲಿದ್ದುದನ್ನು ಆಯಿ ನಾಲಗೆಯ ತುದಿಗೆ ಮುಟ್ಟಿಸಿ, “ಸಿಹಿ ಅದ, ಇದರಿಂದ ಹಲ್ಲು ಹ್ಯಾಂಗ ಸ್ವಚ್ಛ ಆಗ್ತಾವ?” ಎಂದು ಅಪ್ಪಣೆ ಕೊಡಿಸಿ ಮೂಲೆಗಿಟ್ಟಳು. ರೆಕಾರ್ಡುಗಳನ್ನು ಕೊಳ್ಳುವವನಂತೂ ಓಣಿಯಲ್ಲಿ ಒಬ್ಬನೂ ಇರಲಿಲ್ಲ. ಮತದಾನದ ಹಕ್ಕಿಲ್ಲದಿದ್ದರೂ ಚುನಾವಣೆಯ ಉನ್ಮಾದವನ್ನು ಪೂರ್ತಿಯಾಗಿ ಅನುಭವಿಸಿದ ಪ್ರಜೆಗಳೆಂದರೆ ನಾವೇ.

ಆಯಿಗೆ ಹಾಡುಗಳಲ್ಲಿ ಒಲವಿರಲಿಲ್ಲವಾದರೂ ಸಯಾನಿಯವರಲ್ಲಿ ಗೌರವವಿದ್ದಿತು. ಅವರು ಯಾವಾಗಲೂ ಅಕ್ಕತಂಗಿಯರನ್ನು ಮೊದಲು ಕರೆದು ಅಣ್ಣತಮ್ಮಂದಿರನ್ನು ಆಮೇಲೆ ಕರೆಯುತ್ತಿದ್ದುದೇ ಅದಕ್ಕೆ ಕಾರಣ. ಅವರ ಭಾಷೆಯು ನಮಗೆ ಒಂದು ವಿಸ್ಮಯವಾಗಿದ್ದಿತು. ನಾವು ಮನೆಯಲ್ಲಿ ಕನ್ನಡವನ್ನೂ, ಬಜಾರಿನಲ್ಲಿ ‘ನಕ್ಕೋ’, ‘ಹೌ’ಗಳ ದಖನಿಯನ್ನೂ, ಔರಾದದ ಕಡೆ ಮರಾಠಿಯನ್ನೂ ಆಡುವವರು. ನಮ್ಮ ತಂದೆಯವರ ಪೀಳಿಗೆಯು ಉರ್ದುವಿನಲ್ಲಿ ಓದಿದುದು. ಹೊರಗೆ ಉರ್ದು ಬೋರ್ಡನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸಾಹಸವನ್ನು ನಮ್ಮಲ್ಲಿ ಈಗಲೂ ಹೇಳುತ್ತಾರೆ. ಇಂತಹ ನಾಲ್ಕು ನುಡಿಗಳ ಸಂತೆಯಲ್ಲಿ ನಿಂತವರಿಗೆ ಸಯಾನಿಯವರ ಹಿಂದೂಸ್ತಾನಿಯು ಎಲ್ಲಿಯೂ ಎಡವದೆ ತಿಳಿಯುತ್ತಿದ್ದಿತು. ಅವರ ತಾಯಿ ಕುಲ್ಸುಮ್ ಸಯಾನಿಯವರು ನವಸಾಕ್ಷರರಿಗಾಗಿ ‘ರಹಬರ್’ ಎಂಬ ಪತ್ರಿಕೆಯನ್ನು ದೇವನಾಗರಿ, ಉರ್ದು, ಗುಜರಾತಿ ಈ ಮೂರು ಲಿಪಿಗಳಲ್ಲಿ ನಡೆಸುತ್ತಿದ್ದರೆಂದೂ, ಬಾಲಕ ಅಮೀನನು ಆ ಕೆಲಸದಲ್ಲಿ ನೆರವಾಗುತ್ತಲೇ ಸರಳವಾದ ಮಾತನ್ನು ಕಲಿತನೆಂದೂ ಬಹುಕಾಲದ ಮೇಲೆ ಓದಿದಾಗ ಇದರ ಮರ್ಮ ತಿಳಿಯಿತು. ಕನ್ನಡದ ಚಿತ್ರಗೀತೆಗಳಿಗೆ ಮಾತ್ರ ಹೀಗೆ ಮೆಟ್ಟಿಲು ಕಟ್ಟಿದವರು ನಮ್ಮ ಕಿವಿಗೆ ಬೀಳಲಿಲ್ಲ, ಪಿ. ಬಿ. ಶ್ರೀನಿವಾಸರು ಯಾವ ಮೆಟ್ಟಿಲಿನ ಹಂಗೂ ಇಲ್ಲದೆ ಹಾಡಿಕೊಂಡಿದ್ದರು. ಅವರ ಹಾಡುಗಳ ಬಗ್ಗೆ ನಾವು ಜಗಳವಾಡಿದ ನೆನಪಿಲ್ಲದಿರುವುದಕ್ಕೆ ಇದೇ ಕಾರಣವಿರಬೇಕು.

ಜಗಳವೆಂದೊಡನೆ 1966ಕ್ಕೆ ಬರಲೇಬೇಕು. ಅದು ಕಲಬುರ್ಗಿಯಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ವರ್ಷ. ಆದರೆ ಭಾಲ್ಕಿಯ ಚಾದ ಹೋಟೆಲಿನಲ್ಲಿ ಆ ವರ್ಷವು ಪ್ರಸಿದ್ಧವಾದುದು ‘ಗೈಡ್’ ಮತ್ತು ‘ಸೂರಜ್’ ಪಕ್ಷಗಳ ಮಹಾಯುದ್ಧದಿಂದ. ನಾನು ‘ಗೈಡ್’ ಪಕ್ಷದವನು. ಸಚಿನ್ ದೇವ್ ಬರ್ಮನ್ನರು ಆ ಚಿತ್ರಕ್ಕೆ ಕೂಡಿಸಿದ ಸಂಗೀತವನ್ನು ಮೀರಿಸಿದುದು ಈ ಭೂಮಂಡಲದಲ್ಲಿಲ್ಲವೆಂದು ಹದಿನಾರನೆಯ ವಯಸ್ಸಿನಲ್ಲಿ ನಿರ್ಧರಿಸಿದವನು ಇಂದಿಗೂ ಆ ನಿರ್ಧಾರವನ್ನು ಪುನರ್ವಿಮರ್ಶಿಸಿಲ್ಲ. ಗೆಳೆಯನು ‘ಸೂರಜ್’ ಪಕ್ಷದವನು. ಶಂಕರ್-ಜೈಕಿಶನ್ನರ ರಾಗದಲ್ಲಿ ಮಹಮ್ಮದ್ ರಫಿಯವರು ಹೂಮಳೆ ಸುರಿಸೆಂದು ವಸಂತವನ್ನು ಬೇಡಿಕೊಂಡ ಹಾಡನ್ನು ಅವನು ರಾಷ್ಟ್ರಗೀತೆಯ ಮಟ್ಟಕ್ಕೆ ಏರಿಸಿದ್ದನು. ವರ್ಷಾಂತ್ಯದ ಪಟ್ಟಿಯಲ್ಲಿ ಕಹಳೆ ಮೊಳಗಿದುದು ಅವನ ಹಾಡಿಗೆ. ಹೋಗಲಿ, ವ್ಯಾಪಾರಿಗಳ ಲೆಕ್ಕ ಎಂದು ಸಮಾಧಾನಪಟ್ಟುಕೊಂಡೆನು. ಮುಂದೆ ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ ಎಲ್ಲವೂ ‘ಗೈಡ್’ಗೆ, ಆದರೆ ಸಂಗೀತದ ಪ್ರಶಸ್ತಿಯು ‘ಸೂರಜ್’ಗೆ! ಗೆಳೆಯನು ಆ ದಿನ ತಾನೇ ದುಡ್ಡು ಕೊಟ್ಟು ನನಗೆ ಒಂದು ಇಡೀ ಚಾ ಕುಡಿಸಿದನು. ಅಷ್ಟು ಕಹಿಯಾದ ಚಾವನ್ನು ನಾನು ಮತ್ತೆಂದೂ ಕುಡಿದಿಲ್ಲ.

ಪಿ.ಯು.ಸಿ.ಗೆಂದು ಬೀದರಕ್ಕೆ ಹೋದ ಮೇಲೆ ಚಾದ ಖರ್ಚೂ ಉಳಿಯಿತು. ಚೌಬಾರಾದಿಂದ ಮಹಮೂದ ಗವಾನನ ಮದರಸಾದವರೆಗೆ ಬುಧವಾರ ರಾತ್ರಿ ಮೆಲ್ಲಗೆ ನಡೆದರೆ, ಒಂದು ಅಂಗಡಿಯಲ್ಲಿ ಪಲ್ಲವಿ, ಮುಂದಿನದರಲ್ಲಿ ಚರಣ, ಅದರಾಚೆಯ ಪಾನಪಟ್ಟಿಯಲ್ಲಿ ಸಯಾನಿಯವರ ವ್ಯಾಖ್ಯಾನ. 1967ರಲ್ಲಿ ‘ಮಿಲನ್’ ಚಿತ್ರದ, 1968ರಲ್ಲಿ ‘ಶಾಗಿರ್ದ್’ ಚಿತ್ರದ ಹಾಡುಗಳು ಶಿಖರವನ್ನೇರಿದುದನ್ನು ನಾನು ಕಾಲ್ನಡಿಗೆಯಲ್ಲಿಯೇ ಕೇಳಿದೆನು. 1472ರಲ್ಲಿ ವಿದ್ಯಾರ್ಜನೆಗೆಂದು ಕಟ್ಟಿಸಿದ ಆ ಮದರಸಾದ ಗೋಡೆಗೊರಗಿ ನಾನು ಅರ್ಜಿಸಿದ ವಿದ್ಯೆಯಲ್ಲಿ ಇಂದಿಗೂ ಮರೆಯದೆ ಉಳಿದಿರುವುದು ಇದೊಂದೇ. ಇಲ್ಲಿ ಒಂದು ವಿಚಿತ್ರವನ್ನು ಹೇಳತಕ್ಕುದಿದೆ: ಅವುಗಳಲ್ಲಿ ಅನೇಕ ಹಾಡುಗಳ ಮಾತುಗಳು ನನಗೆ ಎರಡನೆಯ ಸಾಲಿನಾಚೆಗೆ ನೆನಪಿಗೆ ಬರುವುದಿಲ್ಲ. ಕೆಲವಂತೂ ಆಗಲೂ ಸಾಧಾರಣವೇ, ಈಗಲೂ ಸಾಧಾರಣವೇ. ಆದರೆ ಯಾವುದು ಯಾವುದನ್ನು ಹಿಂದಿಕ್ಕಿತು, ಯಾವುದಕ್ಕೆ ಅನ್ಯಾಯವಾಯಿತು, ಆ ಅನ್ಯಾಯವನ್ನು ಯಾರು ಸಮರ್ಥಿಸಿದರು ಎಂಬ ವಿವರಗಳು ಮಾತ್ರ ಅಚ್ಚಳಿಯದೆ ನಿಂತಿವೆ. ಮೊಮ್ಮಗಳು ತನ್ನ ಫೋನಿನಲ್ಲಿ ‘ಗೈಡ್’ ಚಿತ್ರದ ಹಾಡುಗಳನ್ನೆಲ್ಲ ಕ್ಷಣಾರ್ಧದಲ್ಲಿ ತೆಗೆದು, “ಕೇಳು ಮುತ್ಯಾ” ಎಂದು ಕಿವಿಗಿಟ್ಟಾಗ, ಹಾಡು ಮುಗಿಯುವವರೆಗೆ ಸುಮ್ಮನಿದ್ದು, “ಇದಕ್ಕ ಎಷ್ಟನೇ ನಂಬರ್ ಕೊಟ್ಟಾರ?” ಎಂದು ಕೇಳಿದೆನು. ನಂಬರಿಲ್ಲವೆಂದಳು. ನಂಬರಿಲ್ಲದ ಮೇಲೆ ಯಾರೊಡನೆ ಏನೆಂದು ಕಾದಾಡುವುದು?

ಗೀತಮಾಲೆಯು 1989ರಲ್ಲಿ ವಿವಿಧಭಾರತಿಗೆ ಬಂದು ನೆಲೆಸಿ, ಕಾಲಕ್ರಮದಲ್ಲಿ ನಿಂತುಹೋಯಿತು. 2013ರಲ್ಲಿ ಹಿಂದೀ ಚಿತ್ರರಂಗದ ಶತಮಾನದ ನಿಮಿತ್ತವಾಗಿ ಬಿಬಿಸಿಯ ಏಷಿಯನ್ ನೆಟ್‌ವರ್ಕಿನವರು ನಡೆಸಿದ ಮತಗಣನೆಯಲ್ಲಿ ‘ಸೂರಜ್’ನ ಆ ಹಾಡೇ ಪ್ರಥಮಸ್ಥಾನವನ್ನು ಪಡೆದಾಗ, ಔರಾದದಿಂದ ಬೆಳ್ಳಂಬೆಳಗ್ಗೆ ಫೋನು ಬಂದಿತು. “ಲಂಡನ್ನದವರೂ ಹೇಳ್ಯಾರ, ಇನ್ನರ ಒಪ್ಪಕೋತಿ ಇಲ್ಲೋ?” ಎಂದು ಗೆಳೆಯನು ಕೇಳಿದನು. “ಲಗ್ನದ ಬ್ಯಾಂಡಿನವರು ಬಾರಸೋ ಹಾಡಿಗಿ ವೋಟ್ ಬೀಳ್ಲಾರದ ಇರ್ತಾವೇನು?” ಎಂದು ನಾನು ಉತ್ತರಿಸಿದೆನು. ವರನು ಕುದುರೆಯೇರಿದೊಡನೆ ಬ್ಯಾಂಡಿನವರು ಅದನ್ನೇ ಬಾರಿಸುವುದು ನಿಜವಷ್ಟೆ. ‘ಗೈಡ್’ ಚಿತ್ರದ ವಿರಹಕ್ಕೆ ಹೆಜ್ಜೆ ಹಾಕಬಲ್ಲ ಕುದುರೆಯು ಬೀದರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

2024ರ ಫೆಬ್ರವರಿಯಲ್ಲಿ ಸಯಾನಿಯವರು ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರೆಂದು ಕೇಳಿ ನಾವಿಬ್ಬರೂ ಫೋನಿನಲ್ಲಿಯೇ ದುಃಖವನ್ನು ಹಂಚಿಕೊಂಡೆವು. ದುಃಖವು ಮುಗಿಯುವ ಮೊದಲೇ ‘ಗೈಡ್’ ಚಿತ್ರದ ಹಾಡು ಅತ್ಯಂತ ಮೇಲೆ ಹೋದುದು ಎಷ್ಟನೆಯ ಪಾಯದಾನಕ್ಕೆಂಬ ತಕರಾರು ಎದ್ದಿತು. ಹೋಟೆಲಿನಲ್ಲಿ ಕುಳಿತು ತಾನು ಪ್ರತಿ ವಾರದ ಪಟ್ಟಿಯನ್ನು ಖಾತೆವಹಿಯಲ್ಲಿ ಬರೆದಿಟ್ಟಿರುವೆನೆಂದೂ ಅದು ಅಟ್ಟದ ಮೇಲೆ ಭದ್ರವಾಗಿದೆಯೆಂದೂ ಅವನು ಸವಾಲು ಹಾಕಿದುದರಿಂದ, ಒಂದು ಬುಧವಾರ ನಾನು ಬಸ್ಸು ಹತ್ತಿ ಔರಾದಕ್ಕೆ ಹೋದೆನು. ವಹಿಯು ಸಿಕ್ಕಿತು. ಆದರೆ ಅವನ ತಂದೆ, ಕಾಗದವನ್ನು ಹಾಳುಮಾಡುವುದನ್ನು ಸಹಿಸದ ಮಿತವ್ಯಯಿ, 1966ರ ಪುಟಗಳ ಮೇಲೆಯೇ ಆ ಸುಗ್ಗಿಯ ಹೆಸರು, ಉದ್ದುಗಳ ಲೆಕ್ಕವನ್ನು ದಪ್ಪ ಶಾಯಿಯಲ್ಲಿ ಬರೆದಿದ್ದರು. ಯಾವ ಅಂಕಿಯು ಲತಾ ಮಂಗೇಶ್ಕರರದು, ಯಾವುದು ಉದ್ದಿನ ಚೀಲಗಳದು ಎಂದು ಬಿಡಿಸಲು ಇಬ್ಬರೂ ಕನ್ನಡಕಗಳನ್ನು ಬದಲಾಯಿಸಿಕೊಂಡು ನೋಡಿದೆವು. ನಾನು ನಾಲ್ಕು ಎಂದೆನು. ಅವನು ಅದು ನಾಲ್ಕು ಚೀಲವೆಂದನು. ಅವನ ಸೊಸೆ ಚಾ ತಂದಿಟ್ಟು ಎರಡು ಸಲ ಬಿಸಿಮಾಡಿ ಒಯ್ದು ತಂದಳು. ಅಷ್ಟರಲ್ಲಿ ಭಾಲ್ಕಿಯ ಕಡೆಯ ಬಸ್ಸಿನ ಹೊತ್ತಾದುದರಿಂದ ವಿಚಾರಣೆಯು ಮುಂದಿನ ಬುಧವಾರಕ್ಕೆ ಮುಂದೂಡಲ್ಪಟ್ಟಿತು. ಸಾಕ್ಷಿಗೆಂದು ಉದಗೀರದ ಅವನ ಮಾಮಾನ ಮಗನನ್ನು ಕರೆಸಲಾಗಿದೆ, ಅವನು ‘ಸೂರಜ್’ ಪಕ್ಷದವನೆಂದು ನನಗೆ ಗುಮಾನಿ.