ಝಡ್ ಪ್ಲಸ್ ನಾಯಿ

ಮನೆ ಕಾಯಲಿ ಅಂತ ನಾಯಿ ಸಾಕುವವರು ಒಂದು ಪಂಗಡ. ನಾಯಿಯನ್ನು ಕಾಯುವುದಕ್ಕೆಂದೇ ಮನೆ ಕಟ್ಟಿಸಿಕೊಂಡಂತಿರುವವರು ಇನ್ನೊಂದು ಪಂಗಡ. ನಮ್ಮ ಬ್ಯಾಂಕ್ ರಾಯರು ಎರಡನೆಯದಕ್ಕೆ ಸೇರಿದವರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ಅರವತ್ತೈದರ ಆಸುಪಾಸು, ಕಾಲಿಗೆ ಮಗ ಡಲ್ಲಾಸಿನಿಂದ ಕಳಿಸಿದ ಶೂ, ತಲೆಗೆ ಮಂಕಿ ಕ್ಯಾಪು, ಬಲಗೈಗೆ ಎರಡು ಸುತ್ತು ಸುತ್ತಿಕೊಂಡ ಬೆಲ್ಟು, ಬೆಲ್ಟಿನ ಆ ತುದಿಯಲ್ಲಿ ನಾಯಿ. ಯಾರು ಯಾರನ್ನು ವಾಕಿಂಗಿಗೆ ಕರೆದುಕೊಂಡು ಹೊರಟಿದ್ದಾರೆ ಎಂಬುದು ನೋಡುವವರ ವಿವೇಚನೆಗೆ ಬಿಟ್ಟದ್ದು.

ನಾಯಿಯ ಹೆಸರು ಸಿಂಬ. ಶಿತ್ಸು ಜಾತಿ. ತೂಕ ಆರು ಕೇಜಿ, ಅದರಲ್ಲಿ ಕೂದಲಿನ ಪಾಲೇ ಜಾಸ್ತಿ ಇರಬೇಕು. ಪೇಪರ್ ಹಾಕುವ ಹುಡುಗ ಬಂದರೆ ಸೋಫಾದ ಕೆಳಗೆ ಸೇರಿಕೊಳ್ಳುತ್ತದೆ. ಅದು ಬೊಗಳಿದ್ದನ್ನು ಬಡಾವಣೆಯಲ್ಲಿ ಕೇಳಿದವರಿಲ್ಲ. ರಾಯರು ಮಾತ್ರ ಕೇಳಿದ್ದಾರಂತೆ, ಅದೂ ಟೀವಿಯೊಳಗಿನ ನಾಯಿಯನ್ನು ನೋಡಿ ಬೊಗಳಿದ್ದು.

ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನ ತಿಜೋರಿ ನೋಡಿಕೊಂಡ ಮನುಷ್ಯ. ಅಭ್ಯಾಸ ಎಲ್ಲಿ ಹೋಗುತ್ತದೆ? ಮನೆಯ ಗೇಟಿಗೆ ಎರಡು ಬೀಗ. ಒಂದರ ಕೀಲಿಕೈ ರಾಯರ ಜನಿವಾರದಲ್ಲಿ, ಇನ್ನೊಂದರದು ಅವರ ಮನೆಯವರ ಸೆರಗಿನ ತುದಿಯಲ್ಲಿ. ಇಬ್ಬರೂ ಬಂದು ನಿಂತರೆ ಮಾತ್ರ ಗೇಟು ತೆರೆಯುತ್ತದೆ. ಬ್ಯಾಂಕಿನವರು ಇದಕ್ಕೆ ಜಾಯಿಂಟ್ ಕಸ್ಟಡಿ ಅನ್ನುತ್ತಾರೆ, ಕೊರಿಯರ್ ಹುಡುಗರು ಬೇರೆ ಏನೋ ಅನ್ನುತ್ತಾರೆ. ಸಿಸಿಟಿವಿ ಕ್ಯಾಮೆರಾ ಮೂರು: ಒಂದು ಗೇಟಿಗೆ, ಒಂದು ಜಗುಲಿಗೆ, ಒಂದು ಸಿಂಬನ ಹಾಸಿಗೆಗೆ. ಮೊದಮೊದಲು ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು ಇತ್ತು. ಒಂದು ದಿನ ಅದನ್ನೂ ಕಿತ್ತು ಒಳಗಿಟ್ಟರು. "ಲಾಕರ್ ರೂಮಿನ ಮುಂದೆ ಇಲ್ಲಿ ಚಿನ್ನ ಇದೆ ಅಂತ ಯಾರಾದ್ರೂ ಬರೆಸಿ ಹಾಕ್ತಾರೇನ್ರೀ?" ಎಂದು ನನ್ನನ್ನೇ ದಬಾಯಿಸಿದರು.

ಅವರ ಮನೆಯವರ ದೂರು ಬೇರೆ. "ಊರು ತುಂಬ ಸರಗಳ್ಳರು. ನನ್ನ ಸರಕ್ಕಿಲ್ಲದ ಕಾವಲು ಅದರ ಸರಪಳಿಗೆ!"

ಬೆಳಗಿನ ವಾಕಿಂಗನ್ನು ಮುಖ್ಯಮಂತ್ರಿಗಳ ಪ್ರವಾಸದ ಹಾಗೆ ಗುಟ್ಟಾಗಿಡುತ್ತಾರೆ. ಇವತ್ತು ಆರಕ್ಕೆ ಪಾರ್ಕಿನ ಕಡೆ, ನಾಳೆ ಆರೂ ಮುಕ್ಕಾಲಿಗೆ ಗಣಪತಿ ಗುಡಿಯ ಕಡೆ. ಹಾಲಿನ ಬೂತಿನ ಕಂಬಕ್ಕೆ ನಾಯಿ ಕಟ್ಟಿ ಎರಡು ಪ್ಯಾಕೆಟ್ ತರುವ ಪದ್ಧತಿ ರದ್ದಾಗಿದೆ. ಈಗ ಸಿಂಬನೂ ಕ್ಯೂನಲ್ಲಿ ನಿಲ್ಲುತ್ತದೆ. ಯಾರಾದರೂ "ಎಷ್ಟ್ ಕ್ಯೂಟಾಗಿದೆ ಅಂಕಲ್, ಯಾವ ಬ್ರೀಡು?" ಎಂದರೆ ರಾಯರ ಹುಬ್ಬು ಮೇಲೇರುತ್ತದೆ. "ಗಂಡಾ ಹೆಣ್ಣಾ?" ಎಂದರೆ ಬೆಲ್ಟು ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಮೂರನೆಯ ಪ್ರಶ್ನೆಗೆ ಕಾಯದೆ ಪಾರ್ಕಿಗೆಲ್ಲ ಕೇಳುವಂತೆ "ಇವನಿಗೆ ಆಪರೇಷನ್ ಆಗಿದೆ!" ಎಂದು ಸಾರುತ್ತಾರೆ. ಹೊಸಬರು ಸಿಂಬನ ಆರೋಗ್ಯ ವಿಚಾರಿಸುತ್ತಾರೆ, ಹಳಬರು ಮುಖ ತಿರುಗಿಸಿ ನಗುತ್ತಾರೆ.

ನಗಬಹುದು. ಆದರೆ ರಾಯರ ಲೆಕ್ಕ ತಪ್ಪಿಲ್ಲ. ಜಾತಿನಾಯಿ ಕದಿಯುವವರ ಕಣ್ಣು ಮರಿ ಹಾಕಿಸಲು ಬರುವ ನಾಯಿಯ ಮೇಲೆ. ಸಂತಾನಹರಣ ಆದ ನಾಯಿ ಅವರಿಗೆ ಆ ಮಟ್ಟಿಗೆ ದಂಡ. ಇನ್ನು ಕಳ್ಳತನಕ್ಕೆ ಬೇಕಾದ ಸಲಕರಣೆಯಾದರೂ ಏನು? ಒಂದು ಸ್ಕೂಟರು, ಹಿಂದೆ ಕೂರಲು ಒಬ್ಬ, ಕಿಸೆಯಲ್ಲಿ ಎರಡು ಬಿಸ್ಕತ್ತು. ಉಳಿದ ಮಾಹಿತಿಯನ್ನೆಲ್ಲ ನಾವೇ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒದಗಿಸಿರುತ್ತೇವೆ. ನಾಯಿಯ ಫೋಟೋ, ಹಿಂದೆ ಮನೆ ನಂಬರು, ಮೇಲೆ 'ನಾಲ್ಕು ದಿನ ಊಟಿಗೆ' ಎಂಬ ಪ್ರಕಟಣೆ.

ರಾಯರು ಹುಟ್ಟಾ ಹೀಗಿರಲಿಲ್ಲ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವರನ್ನು ಹೀಗೆ ಮಾಡಿತು. ಊಟ ಮುಗಿಸಿ ಒಂದು ನಿದ್ದೆ ತೆಗೆದು ಎದ್ದರೆ ಸಿಂಬ ಇಲ್ಲ. ಗೇಟಿನ ಚಿಲಕ ಬೇರೆ ತೆಗೆದಿತ್ತು. ಒಂದು ಗಂಟೆಯೊಳಗೆ ಬಡಾವಣೆಯ ಪ್ರತಿ ಕಂಬದ ಮೇಲೂ 'ಕಾಣೆಯಾಗಿದೆ' ಪೋಸ್ಟರ್ ಬಿತ್ತು. ಮನೆಯವರು ಹರಕೆ ಹೊತ್ತರು. ಹರಕೆಯೂ ಎಂಥದು! ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿಯಿದೆ. ಊರಿನ ಎರಡು ನಾಯಿ ಕಾಣೆಯಾದಾಗ ಗ್ರಾಮದೇವತೆಯೇ ಕನಸಿಗೆ ಬಂದು ಕೇಳಿದಳೆಂದೂ ಆಮೇಲೆ ಗುಡಿ ಎದ್ದಿತೆಂದೂ ಅಲ್ಲಿನವರು ಹೇಳುತ್ತಾರೆ. ಕಾಣೆಯಾದ ನಾಯಿಯ ಮೊಕದ್ದಮೆಗೆ ಅದಕ್ಕಿಂತ ಸರಿಯಾದ ನ್ಯಾಯಾಲಯ ಇನ್ಯಾವುದು?

ರಾಯರು ಹೋದದ್ದು ಪೊಲೀಸ್ ಠಾಣೆಗೆ.

"ಯಾರು ಕಾಣೆಯಾಗಿರೋದು ಸಾರ್?" ರೈಟರ್ ಕೇಳಿದರು.

"ಸಿಂಬ."

"ವಯಸ್ಸು?"

"ಎರಡು ವರ್ಷ."

ರೈಟರ್ ಗಾಬರಿಯಾಗಿ ಎದ್ದು ನಿಂತರು, ವೈರ್‌ಲೆಸ್ಸಿಗೆ ಕೈಹಾಕಿದರು. ನಾಯಿ ಎಂದು ಗೊತ್ತಾದ ಮೇಲೆ ಕೂತರು, ಟೀ ಹೇಳಿದರು. ಕಾನೂನಿನ ಪ್ರಕಾರ ನಾಯಿ ಸ್ವತ್ತು. ಅದನ್ನು ಕದ್ದರೆ ಹಸು ಕದ್ದರೂ ಬೈಕು ಕದ್ದರೂ ಅನ್ವಯಿಸುವ ಅದೇ ಕಳ್ಳತನದ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 303. ಮೂರು ವರ್ಷದವರೆಗೆ ಸಜೆಯಾಗಬಹುದು. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕಳ್ಳನಿಗೆ ಅದೇ ಮೊದಲ ಶಿಕ್ಷೆಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಗೆ ಮುಗಿಯುತ್ತದೆ. ಹಾಗಾಗಿ ಬೆಲೆ ಮುಖ್ಯ.

"ಬೆಲೆ ಎಷ್ಟು ಸಾರ್?"

"35 ಸಾವಿರ."

ರೈಟರ್ ಫೋಟೋ ನೋಡಿದರು, ರಾಯರನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಬಿಲ್ಲು ಇದ್ಯಾ?"

ರಾಯರ ಬಾಯಿ ಕಟ್ಟಿತು. ಆ ನಾಯಿ ಕೊಂಡ ಕಥೆ ಬಡಾವಣೆಗೆ ಗೊತ್ತಾದದ್ದು ಹಾಗೆ. ಮಗ ಡಲ್ಲಾಸಿಗೆ ಹಾರಿದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಫೋನಿನಲ್ಲಿ ಮರಿಯ ಫೋಟೋ ಕಂಡಿತು. ರಿಂಗ್ ರಸ್ತೆಯ ಮೇಲ್ಸೇತುವೆ ಕೆಳಗೆ ಬನ್ನಿ ಎಂದ ಹುಡುಗನೊಬ್ಬ ಕಾರಿನ ಡಿಕ್ಕಿ ತೆರೆದ. ರಟ್ಟಿನ ಡಬ್ಬದಲ್ಲಿ ಅಂಗೈಯಗಲದ ನಾಲ್ಕು ಮರಿ. "ತಂದೆತಾಯಿ ಇಬ್ಬರೂ ರಷ್ಯಾದಿಂದ ಇಂಪೋರ್ಟು ಸಾರ್, ಇವತ್ತೇ ಲಾಸ್ಟು, ಇನ್ನೊಂದು ಪಾರ್ಟಿ ದಾರೀಲಿದಾರೆ" ಎಂದ. ರಾಯರು ನಗದು ಎಣಿಸಿಕೊಟ್ಟು, ಅಭ್ಯಾಸಬಲದಿಂದ ಇನ್ನೊಂದು ಸಲ ಎಣಿಸಿ ಕೊಟ್ಟು, ಮರಿ ಎತ್ತಿಕೊಂಡು ಬಂದರು.

ಇಲ್ಲೇ ನನಗೆ ಆಶ್ಚರ್ಯ. ಸೈಟಿಗೆ ಸಾಲ ಕೇಳಿಕೊಂಡು ಬಂದವರಿಗೆ ಮದರ್ ಡೀಡ್ ಇಲ್ಲ ಅಂತ ಹೇಳಿ ಆರು ತಿಂಗಳು ಅಲೆಸಿದ ಮನುಷ್ಯ, ಮರಿ ಕೊಳ್ಳುವಾಗ ಮದರ್ ಎಲ್ಲಿ ಅಂತ ಒಂದು ಮಾತು ಕೇಳಲಿಲ್ಲವಲ್ಲ! ಮೂವತ್ತು ವರ್ಷದ ಇ.ಸಿ. ಇಲ್ಲದೆ ಕಡತ ಮುಟ್ಟದವರು ಮರಿಗೆ ಮೂವತ್ತು ದಿನವಾದರೂ ತುಂಬಿದೆಯೇ ಎಂದು ನೋಡಲಿಲ್ಲ. ವ್ಯಾಪಾರಕ್ಕೆಂದು ವಿದೇಶದಿಂದ ನಾಯಿ ತರಿಸುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ಕಡಿವಾಣ ಹಾಕಿದೆ, ರಷ್ಯಾದ ಅಪ್ಪ ಅಮ್ಮ ಎಲ್ಲಿಂದ ಬರಬೇಕು? ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರ ನಿಯಮಗಳೂ ಇವೆ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಒಂದೂವರೆ ವರ್ಷ ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯುವಂತಿಲ್ಲ. ಡಿಕ್ಕಿಯ ಹುಡುಗನಿಗೆ ಇದೆಲ್ಲ ಗೊತ್ತಿರಲಿಲ್ಲ ಎನ್ನಲಾರೆ. ಕೇಳುವವರು ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಅವಧಿಗೆ ಮುಂಚೆ ತಾಯಿ ಬಿಟ್ಟ ಮರಿ ಮನೆಗೆ ಬಂದ ವಾರದಲ್ಲೇ ವಾಂತಿ, ರಕ್ತಭೇದಿ ಶುರುವಾಗಿ ಪಾರ್ವೋ ಎಂದು ಹೋಗಿಬಿಡುವುದು ಪಶುವೈದ್ಯರಿಗೆ ದಿನನಿತ್ಯದ ಸಂಗತಿ. ಸಿಂಬ ಬದುಕಿದ್ದು ಅದರ ಆಯುಸ್ಸು ಗಟ್ಟಿಯಿದ್ದದ್ದರಿಂದ. ಡಬ್ಬದಲ್ಲಿದ್ದ ಇನ್ನು ಮೂರರ ಕಥೆ ಏನಾಯಿತೋ. '777 ಚಾರ್ಲಿ' ಸಿನಿಮಾ ಬಂದಾಗ ಇದೇ ರಾಯರು ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡು ಬಂದಿದ್ದರು. ಆ ಚಾರ್ಲಿ ಎಂಬ ನಾಯಿ ತಪ್ಪಿಸಿಕೊಂಡು ಬಂದದ್ದು ಇಂಥದೇ ಮರಿ ದಂಧೆಯವನ ಕೈಯಿಂದ ಎಂಬುದನ್ನು ಮಾತ್ರ ಇಂಟರ್ವಲ್ಲಿನ ಪಾಪ್‌ಕಾರ್ನ್ ಜೊತೆ ಮರೆತಿರಬೇಕು.

ಆ ಸಂಜೆ ಪೋಸ್ಟರ್ ನೋಡಿ ಫೋನು ಬರತೊಡಗಿದವು. "ನಾಯಿ ಸಿಕ್ಕಿದೆ, ಪೆಟ್ರೋಲಿಗೆ ಎರಡು ಸಾವಿರ ಕಳ್ಸಿ, ತಂದ್ಕೊಡ್ತೀವಿ" ಎಂದನೊಬ್ಬ. ರಾಯರು ಫೋನ್‌ಪೇ ತೆರೆದೇಬಿಟ್ಟಿದ್ದರು. ಮನೆಯವರು ಫೋನು ಕಸಿದುಕೊಂಡರು. ಆ ತಾಯಿ ಬಹಳ ಜಾಣೆ. ಸಿಂಬನ ಗುರುತುಗಳಲ್ಲಿ ಒಂದನ್ನು ಪೋಸ್ಟರಿಗೆ ಹಾಕಿಸದೆ ತಮ್ಮಲ್ಲೇ ಇಟ್ಟುಕೊಂಡಿದ್ದರು.

"ಎಡಗಡೆ ಹಿಂಗಾಲಿನ ಒಳಗೆ ಏನಿದೆ ಹೇಳಪ್ಪ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಕಾಲೇ ಇದೆ ಅಮ್ಮ" ಎಂದು ಫೋನಿಟ್ಟ.

ಏಳು ಗಂಟೆಗೆ ಬಟ್ಟೆ ತೆಗೆಯಲು ಮಹಡಿ ಹತ್ತಿದ ಕೆಲಸದಾಕೆ ಕೂಗಿಕೊಂಡಳು. ಸಂಡಿಗೆ ಮುಚ್ಚಿದ್ದ ಹಳೇ ಪಂಚೆಯ ಕೆಳಗೆ ಸಿಂಬ ಮಲಗಿತ್ತು. ಅರಳು ಸಂಡಿಗೆ ಅರ್ಧ ಖಾಲಿಯಾಗಿತ್ತು.

ಮಾರನೆಯ ದಿನವೇ ರಾಯರು ಪಶುವೈದ್ಯರ ಮುಂದೆ ಹಾಜರು. ಮೈಕ್ರೋಚಿಪ್ ಹಾಕಿಸಿದರು. ಅಕ್ಕಿಕಾಳಿನಷ್ಟು ಗಾತ್ರ, ಭುಜದೆಲುಬುಗಳ ನಡುವೆ ಚರ್ಮದಡಿಗೆ ಒಂದು ಸೂಜಿ, ಮುಗಿಯಿತು. ಹಾಕಿಸಿದವರೇ ಫೋನು ತೆಗೆದು, "ಈಗ ಯಾವ ಆ್ಯಪ್ ಡೌನ್‌ಲೋಡ್ ಮಾಡ್ಕೊಳ್ಳಲಿ ಡಾಕ್ಟ್ರೇ, ಇವನು ಎಲ್ಲಿದಾನೆ ಅಂತ ನೋಡೋಕೆ?" ಎಂದರು. ವೈದ್ಯರು ತಲೆ ಚಚ್ಚಿಕೊಳ್ಳಲಿಲ್ಲ, ದೊಡ್ಡವರು. ಚಿಪ್‌ನಲ್ಲಿ ಬ್ಯಾಟರಿ ಇಲ್ಲ, ಅದು ಎಲ್ಲಿದೆ ಎಂದು ಹೇಳುವುದಿಲ್ಲ. ಹತ್ತಿರ ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೆ. "ಅಕೌಂಟ್ ನಂಬರ್ ಇದ್ದ ಹಾಗೆ ಸಾರ್. ಅದರ ಎದುರಿಗೆ ನಿಮ್ಮ ಹೆಸರು, ಫೋನ್ ನಂಬರ್ ನೋಂದಾಯಿಸಿಲ್ಲ ಅಂದ್ರೆ ದುಡ್ಡು ಯಾರದು ಅಂತ ಯಾರಿಗೆ ಗೊತ್ತಾಗ್ಬೇಕು?" ರಾಯರ ಮುಖ ಅರಳಿತು. ಅವರ ಭಾಷೆಯಲ್ಲಿ ಯಾರೋ ಮಾತಾಡಿ ಎಷ್ಟು ದಿನವಾಗಿತ್ತೋ.

ಅಂದಿನಿಂದ ಸಿಂಬನ ಹೆಸರಿನಲ್ಲಿ ಒಂದು ಕಡತ. ಲಸಿಕೆಯ ಪುಸ್ತಕ, ಪಾಲಿಕೆಯ ಲೈಸೆನ್ಸು, ಚಿಪ್ ಸಂಖ್ಯೆ, ಎಡದಿಂದ ಬಲದಿಂದ ಮೇಲಿನಿಂದ ತೆಗೆದ ಫೋಟೋ, ರಾಯರ ಜೊತೆ ನಿಂತಿರುವ ಫೋಟೋ. ಕೊರಳ ಬಿಲ್ಲೆಯ ಮೇಲೆ ಫೋನ್ ನಂಬರ್ ಮಾತ್ರ, ನಾಯಿಯ ಹೆಸರಿಲ್ಲ. ಹೆಸರು ಗೊತ್ತಾದರೆ ದಾರಿಹೋಕನೂ ಪ್ರೀತಿಯಿಂದ ಕರೆದಾನು, ಅದೂ ಹೋದೀತು.

ಇದೀಗ ಅವರ ಎರಡನೆಯ ಅವತಾರ: ಬಡಾವಣೆಯ ನಾಯಿ ಸಲಹೆಗಾರ. ಮರಿ ತರಬೇಕೆಂದು ಬಾಯಿ ಬಿಟ್ಟವನ ಪಾಡು ಸಾಲದ ಅರ್ಜಿದಾರನ ಪಾಡೇ. ಮೊನ್ನೆ ಎದುರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಐಟಿ ದಂಪತಿ ಸಿಕ್ಕಿಬಿದ್ದರು. ಆಕೆಗೆ ಹಸ್ಕಿ ಬೇಕು, ಆತನಿಗೆ ಮುಧೋಳ.

"ಹಸ್ಕಿ ಹಿಮದ ನಾಯಿಯಮ್ಮ, ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಯಾರು ಕಟ್ತಾರೆ?" ಎಂದು ಆಕೆಯದನ್ನು ಅಲ್ಲೇ ವಜಾ ಮಾಡಿದರು. ಮುಧೋಳದ ಬಗ್ಗೆ ಅವರಿಗೆ ಗೌರವ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ, ಸೈನ್ಯಕ್ಕೂ ಸೇರಿದ ನಾಯಿ. ಬೇಕಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಹೋಗಿ ತಾಯಿಯನ್ನು ನೋಡಿ ಬನ್ನಿ ಎಂದರು. "ಆದ್ರೆ ಅದು ಓಡೋಕೆ ಹುಟ್ಟಿದ ಪ್ರಾಣಿ. ನಿಮ್ಮ ಹಾಲ್ ಎಷ್ಟು ಅಡಿ?"

"ಹದಿನಾಲ್ಕು, ಹನ್ನೆರಡು ಅಂಕಲ್."

"ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ರಾಯರು ಹತ್ತನೇ ಶತಮಾನಕ್ಕೆ ಹೋದರು. ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ ಆತಕೂರಿನ ವೀರಗಲ್ಲು ಇದೆ, ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಮೆಚ್ಚಿದ ಅರಸ ಏನು ಬೇಕೋ ಕೇಳು ಎಂದಾಗ ಮಣಲೇರ ಎಂಬ ವೀರ ಕೇಳಿ ಪಡೆದದ್ದು ಆ ನಾಯಿಯನ್ನು. "ಅವನು ನಾಯಿ ನೋಡಿ ಕೇಳಿದ ಕಣಪ್ಪ, ಫೋಟೋ ನೋಡಿ ಅಲ್ಲ. ಬೇಟೆಗೆ ಹೋಗೋನು ಬೇಟೆನಾಯಿ ಕೇಳಿದ. ನೀನು ಹೋಗೋದು ಎಲ್ಲಿಗೆ, ಎಲೆಕ್ಟ್ರಾನಿಕ್ ಸಿಟಿಗೆ."

ಕೊನೆಗೆ ಇಬ್ಬರನ್ನೂ ಅವರದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು. ವಾಚ್‌ಮನ್ ಕುರ್ಚಿಯ ಹಿಂದೆ ಗೋಣಿಚೀಲದ ಮೇಲೆ ಕಂದು ಬಣ್ಣದ ಬೀದಿನಾಯಿ, ಪಕ್ಕದಲ್ಲಿ ಎರಡು ತಿಂಗಳು ದಾಟಿದ ಮೂರು ಮರಿ. ಒಂದು ಎದ್ದು ಬಂದು ಆಕೆಯ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತು. ರಾಯರು ಬಗ್ಗಿ ಅದರ ಕಣ್ಣು ನೋಡಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಹೊಟ್ಟೆ ಊದಿಲ್ಲ, ಕಣ್ಣಲ್ಲಿ ಪಿಸುರಿಲ್ಲ. ಜಂತಿಗೆ ಔಷಧಿ ಕುಡಿಸಿ, ಲಸಿಕೆ ಶುರು ಮಾಡಿ. ಮದರ್ ಡೀಡ್ ಕಣ್ಣೆದುರಿಗೇ ಇದೆ" ಎಂದು ಮಂಜೂರಾತಿ ಕೊಟ್ಟರು. ತಾಯಿನಾಯಿಗೂ ಆಪರೇಷನ್ ಮಾಡಿಸುವ ಷರತ್ತಿನ ಮೇಲೆ ಆ ಮರಿ ಈಗ ನಾಲ್ಕನೇ ಮಹಡಿಯಲ್ಲಿದೆ.

ರಾಯರ ಬೀಗ, ಕ್ಯಾಮೆರಾ, ಗುಟ್ಟಿನ ವಾಕಿಂಗು ಇವೆಲ್ಲ ಸರಿಯೇ. ಆದರೆ ಕಳ್ಳ ನಾಯಿ ಕದಿಯುವುದು ತಾನು ಸಾಕಿಕೊಳ್ಳಲು ಅಲ್ಲ. ಕಡಿಮೆ ರೇಟಿಗೆ ಸಿಕ್ಕರೆ ಬಿಲ್ಲು ಕೇಳದೆ, ತಾಯಿಯನ್ನು ಕೇಳದೆ ದುಡ್ಡು ಎಣಿಸುವ ಗಿರಾಕಿ ಇದ್ದಾನೆಂದೇ ಕದಿಯುತ್ತಾನೆ. ಆ ಗಿರಾಕಿ ರೌಡಿಯಲ್ಲ. ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆ ಹುಡುಕುತ್ತಿರುವ ಮರ್ಯಾದಸ್ಥ, ಇಲ್ಲವೇ ಮಗ ಪರದೇಶಕ್ಕೆ ಹೋದ ಪಿಂಚಣಿದಾರ.

ನಿಮಗೂ ಮರಿ ತರುವ ಯೋಚನೆಯಿದ್ದರೆ ಮುಂಗಡ ಕೊಡುವ ಮೊದಲು ರಾಯರನ್ನೊಮ್ಮೆ ಕಾಣಿ. ಫೀಸು ಇಲ್ಲ, ಕಾಫಿಯೂ ಸಿಗುತ್ತದೆ. ಕಿಸೆಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಮಾತ್ರ ಹೋಗಬೇಡಿ, ನಿಮ್ಮ ಫೋಟೋವೂ ಕಡತ ಸೇರುತ್ತದೆ.