ಕನ್ನಡಿಗೆ ನೇತುಬಿದ್ದ ಹೆಲ್ಮೆಟ್ಟಿನೊಡನೆ ಸಂದರ್ಶನ

ಅಪಾಯವೊಂದು ನಿಜದಲ್ಲಿ ಎಷ್ಟು ದೊಡ್ಡದೆಂಬುದು ಒಂದು ಲೆಕ್ಕವಾದರೆ, ಅದು ಜನರ ಮನಸ್ಸಿಗೆ ಎಷ್ಟು ದೊಡ್ಡದಾಗಿ ತೋರುತ್ತದೆಂಬುದು ಇನ್ನೊಂದು. ಈ ಎರಡನೆಯದನ್ನೇ ಅಪಾಯಗ್ರಹಿಕೆ ಎನ್ನುತ್ತಾರೆ. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಓಡಾಡುವವರಲ್ಲಿ ಈ ಗ್ರಹಿಕೆ ಹೇಗಿದೆಯೆಂದು ತಿಳಿಯಲು ಚಳ್ಳಕೆರೆಯ ನೆಹರು ವೃತ್ತದ ಬಳಿ ಬೈಕೊಂದರ ಕನ್ನಡಿಗೆ ನೇತುಬಿದ್ದಿದ್ದ ಹೆಲ್ಮೆಟ್ಟನ್ನು ಮಾತನಾಡಿಸಲಾಯಿತು. ಅದರ ಹೊಟ್ಟೆಯಲ್ಲಿ ಆಗ ಅರ್ಧ ಕಿಲೋ ಟೊಮೆಟೊ, ಒಂದು ಕಟ್ಟು ಮೆಂತ್ಯ ಇದ್ದುದರಿಂದ ದನಿ ತುಸು ಕಟ್ಟಿದಂತಿತ್ತು.

ಪ್ರಶ್ನೆ: ತಮ್ಮ ಯಜಮಾನರು ಬಸ್ಸು ಹತ್ತುವುದಿಲ್ಲವೇಕೆ?

ಉತ್ತರ: ಬಸ್ಸಿನ ಚಾಲಕ ನಿದ್ದೆಗೆಟ್ಟಿರಬಹುದೆಂಬ ಅನುಮಾನ ಅವರಿಗೆ. ಹ್ಯಾಂಡಲ್ ಕೈಯಲ್ಲಿದ್ದರೆ ಜೀವವೂ ಕೈಯಲ್ಲಿದ್ದಂತೆ ಎಂಬುದು ಅವರ ನಂಬಿಕೆ. ತಾವಾಗಿ ಆರಿಸಿಕೊಂಡ ಅಪಾಯವನ್ನು ಜನರು, ಮೇಲಿನಿಂದ ಹೇರಿದ ಅಪಾಯಕ್ಕಿಂತ ಅದು ಸುಮಾರು ಸಾವಿರ ಪಟ್ಟು ಹೆಚ್ಚಿದ್ದರೂ ಸಹಿಸುತ್ತಾರೆಂದು ಅಮೆರಿಕದ ಎಂಜಿನಿಯರ್ ಚಾನ್ಸಿ ಸ್ಟಾರ್ 1969ರಲ್ಲಿಯೇ ಬರೆದರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇಕಡ 44ಕ್ಕೂ ಹೆಚ್ಚಿನವರು ದ್ವಿಚಕ್ರ ವಾಹನದವರು. ಆದರೆ ಬಸ್ಸು ಮಗುಚಿದರೆ ಪತ್ರಿಕೆಯ ಮುಖಪುಟ, ಬೈಕು ಬಿದ್ದರೆ ಒಳಪುಟದಲ್ಲಿ ನಾಲ್ಕು ಸಾಲು. ಯಜಮಾನರ ಹೆಂಡತಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು ಹಿಡಿದು ಮೊಳಕಾಲ್ಮೂರಿಗೆ ಹೊರಟ ದಿನ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬೈಕು ಓಡಿಸುತ್ತಲೇ "ಹುಷಾರಾಗಿ ಕೂತಿದ್ದೀಯ ತಾನೆ?" ಎಂದು ವಿಚಾರಿಸುವವರು ಇವರೇ.

ಪ್ರಶ್ನೆ: ಹಾಗಾದರೆ ಅವರಿಗೆ ಎಚ್ಚರಿಕೆಯೇ ಇಲ್ಲವೆನ್ನಬಹುದೇ?

ಉತ್ತರ: ಛೇ, ಎಲ್ಲಾದರೂ ಉಂಟೇ! ಮೊಳಕಾಲ್ಮೂರಿನ ರೇಷ್ಮೆ ಸೀರೆ ತರುವಾಗ ಎರಡು ಪ್ಲಾಸ್ಟಿಕ್ ಕವರು ಸುತ್ತಿ, ಟವೆಲ್ಲಿನಲ್ಲಿ ಕಟ್ಟಿ, ಟ್ಯಾಂಕಿನ ಮೇಲೆ ಮಗುವಿನಂತೆ ಇರಿಸಿಕೊಳ್ಳುತ್ತಾರೆ. ದಾರಿಯಲ್ಲಿ ನಾಲ್ಕು ಹನಿ ಬಿದ್ದರೆ ಹೆಲ್ಮೆಟ್ಟನ್ನೂ ಆ ಗಂಟಿನ ಮೇಲೆಯೇ ಬೋರಲು ಹಾಕುತ್ತಾರೆ.

ಪ್ರಶ್ನೆ: ತಲೆಯ ಮೇಲೆ ಏರುವ ಯೋಗ ಯಾವಾಗ?

ಉತ್ತರ: ಖಾಕಿ ಕಂಡಾಗ. ಹೆಲ್ಮೆಟ್ಟಿನ ಒಳಪದರದ ಥರ್ಮಕೋಲು ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಗದ್ದದ ಪಟ್ಟಿ ಬಿಗಿಯದಿದ್ದರೆ ಹೆಲ್ಮೆಟ್ಟು ತಲೆಗಿಂತ ಮೊದಲೇ ಹಾರಿಹೋಗುತ್ತದೆ ಎಂಬುದೆಲ್ಲ ಯಜಮಾನರಿಗೆ ದೂರದ ಮಾತು. ತಲೆ ಒಡೆಯುವುದು ಕಣ್ಣಿಗೆ ಕಾಣದು, 500 ರೂಪಾಯಿ ದಂಡ ಕಾಣುತ್ತದೆ. ಕಾನೂನೂ ಪಾಪ, ಎಷ್ಟೋ ವರ್ಷಗಳಿಂದ...

ಮಾತು ಅಲ್ಲಿಗೇ ನಿಂತಿತು. ವೃತ್ತದ ಆಚೆ ಸೀಟಿ ಕೇಳಿಸಿದ್ದೇ ತಡ, ಯಜಮಾನರು ಓಡಿಬಂದು ಟೊಮೆಟೊಗಳನ್ನು ಒಂದೂ ನಲುಗದಂತೆ ಚೀಲಕ್ಕೆ ಎತ್ತಿಟ್ಟು, ಹೆಲ್ಮೆಟ್ಟನ್ನು ನೆತ್ತಿಗೇರಿಸಿ, ಪಟ್ಟಿ ಕಟ್ಟದೆಯೇ ಹೊರಟರು. ಒಂದು ಮೆಂತ್ಯದ ಎಲೆ ಮಾತ್ರ ಅವರ ಹಣೆಯ ಮೇಲೆ ಉಳಿದಿತ್ತು.